ಬಳ್ಳಾರಿ ಹೊರಗಿನ ಲೇಔಟ್‌ಗಳು: ಭಾನುವಾರ ಮನೆ ನೋಡೋಕೆ ಹೋದಾಗ ನಿಜವಾಗಿ ಏನು ನೋಡಬೇಕು?

ಒಗ್ಗಾಣಿ_ಮಿರ್ಚಿ

ಎಲ್ಲರಿಗೂ ನಮಸ್ಕಾರ. ನಾನು ತೋರಣಗಲ್ಲು ಕಡೆ ಶಿಫ್ಟ್ ಡ್ಯೂಟಿ ಮಾಡುವವನು, ಮನೆಯವಳು ಬಳ್ಳಾರಿಯಲ್ಲಿ ಟೀಚರ್. ಒಂಬತ್ತು ವರ್ಷದಿಂದ ಗಾಂಧಿನಗರದಲ್ಲಿ ಬಾಡಿಗೆಗೆ ಇದ್ದೇವೆ. ಈಗ ಓನರ್ ಮಗನಿಗೆ ಮದುವೆ, ಮನೆ ಖಾಲಿ ಮಾಡಿ ಅಂದಿದ್ದಾರೆ. ಮತ್ತೊಂದು ಬಾಡಿಗೆ ಮನೆಗೆ ಗಂಟುಮೂಟೆ ಹೊರುವ ಬದಲು ಕೊಂಡೇಬಿಡೋಣ ಅಂತ ಹೊರಟಿದ್ದೇವೆ. ಬಜೆಟ್ 55 ಲಕ್ಷ. ತೀರಾ ಎಳೆದರೆ 60. ಆ ದುಡ್ಡಿಗೆ ಊರೊಳಗೆ ನಮಗೆ ಬೇಕಾದಂಥದ್ದು ಸಿಗಲಿಲ್ಲ. ಹಾಗಾಗಿ ಸಂಗನಕಲ್ಲು ಕಡೆ, ತಾಳೂರು ರಸ್ತೆ, ಸಿರುಗುಪ್ಪ ರಸ್ತೆ, ಅಲ್ಲೀಪುರದ ಕಡೆ ಹೊಸ ಲೇಔಟ್‌ಗಳನ್ನು ಸುತ್ತುತ್ತಿದ್ದೇವೆ.

ನನಗೆ ಸಿಗೋದು ಭಾನುವಾರ ಒಂದೇ. ನಾಲ್ಕು ಭಾನುವಾರದಲ್ಲಿ ಒಂಬತ್ತು ಮನೆ ನೋಡಿದೆವು. ಬ್ರೋಕರ್ ಬೆಳಿಗ್ಗೆ ಹತ್ತೂವರೆಗೆ ಬರುತ್ತಾನೆ, ಒಂದು ಮನೆಗೆ ಹದಿನೈದು ನಿಮಿಷ, "ಸರ್, ಹನ್ನೊಂದಕ್ಕೆ ಇನ್ನೊಂದು ಪಾರ್ಟಿ ಬರ್ತಿದೆ" ಅಂತ ಬೀಗ ಹಾಕಿಕೊಂಡು ಮುಂದಿನದಕ್ಕೆ ಕರೆದುಕೊಂಡು ಹೋಗುತ್ತಾನೆ. ಎಲ್ಲಾ ಮನೆಯಲ್ಲೂ ಹೊಸ ಪೇಂಟ್ ವಾಸನೆ, ಅದೇ ಪಿಒಪಿ ಸೀಲಿಂಗ್, ಅದೇ ನೀಲಿ ಲೈಟು. ಫೋನಿನಲ್ಲಿ ನೂರಾ ನಲವತ್ತು ಫೋಟೋ ಇವೆ. ರಾತ್ರಿ ಕೂತು ನೋಡಿದರೆ ಯಾವ ಅಡುಗೆಮನೆ ಯಾವ ಮನೆಯದು ಅಂತ ಗೊತ್ತಾಗಲ್ಲ. ಹೋದ ವಾರ ನಾವಿಬ್ಬರೂ ಒಂದು ಬಾತ್‌ರೂಮ್ ವಿಷಯಕ್ಕೆ ಅರ್ಧ ಗಂಟೆ ಜಗಳ ಆಡಿದೆವು, ಕೊನೆಗೆ ನೋಡಿದರೆ ನಾನು ಹೇಳ್ತಿದ್ದ ಮನೆ ಬೇರೆ, ಅವಳು ಹೇಳ್ತಿದ್ದ ಮನೆ ಬೇರೆ.

ಒಂದು ಲೇಔಟ್‌ನವರು ಭಾನುವಾರ ಶಾಮಿಯಾನ ಹಾಕಿ ಕರೆದಿದ್ದರು. ಮನೆ ಬಾಗಿಲಿಗೇ ಗಾಡಿ ಕಳಿಸಿದರು, ಊಟಕ್ಕೆ ಹೋಳಿಗೆ ಇತ್ತು, ಇವತ್ತೇ ಬುಕ್ ಮಾಡಿದರೆ ಒಂದು ಲಕ್ಷ ಕಡಿಮೆ ಅಂತ ಮೈಕಿನಲ್ಲಿ ಕೂಗುತ್ತಿದ್ದರು. ನಮ್ಮ ಮಾವ ಎರಡು ಹೋಳಿಗೆ ತಿಂದು 50 ಸಾವಿರ ಟೋಕನ್ ಕೊಡೋಕೆ ಚೆಕ್‌ಬುಕ್ ತೆಗೆದಿದ್ದರು. ಹೇಗೋ ತಡೆದೆ.

ಹದಿನೈದು ನಿಮಿಷದಲ್ಲಿ ಏನು ನೋಡಬೇಕು? ಬ್ರೋಕರ್‌ಗೆ ಸಿಟ್ಟು ಬಂದರೂ ಕೇಳಲೇಬೇಕಾದ್ದು ಏನು? ಈಚೆಗೆ ಮನೆ ತಗೊಂಡು ಕೈ ಸುಟ್ಟುಕೊಂಡವರು ಇದ್ದರೆ ದಯವಿಟ್ಟು ಬರೆಯಿರಿ. ವಾಸ್ತು ಬಗ್ಗೆ ಬೇಡ, ಅದಕ್ಕೆ ಮನೆಯಲ್ಲಿ ನಮ್ಮಮ್ಮ ಇದ್ದಾರೆ.

ಎರೆಮಣ್ಣು_ಇಂಜಿನಿಯರ್

ಹದಿನೆಂಟು ವರ್ಷದಿಂದ ಬಳ್ಳಾರಿ, ಸಿಂಧನೂರು, ರಾಯಚೂರು ಕಡೆ ಮನೆ ಕಟ್ಟಿಸುತ್ತಿದ್ದೇನೆ, ಹಾಗಾಗಿ ನನ್ನ ಮಾತು ಬರೀ ಮಣ್ಣಿನ ಬಗ್ಗೆ.

ಮನೆಯೊಳಗೆ ಹೋಗೋ ಮೊದಲು ಪಕ್ಕದ ಖಾಲಿ ಸೈಟಿಗೆ ಹೋಗಿ ನಿಂತುಕೊಳ್ಳಿ. ನೆಲ ಕಪ್ಪಗಿದ್ದು, ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿದ್ದರೆ ಅದು ಎರೆ. ಎರೆ ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಪ್ರತಿ ವರ್ಷ ಮನೆಯನ್ನು ಒಂದು ಸಲ ಎತ್ತಿ ಒಂದು ಸಲ ಇಳಿಸುತ್ತೆ ಅಂತ ತಿಳ್ಕೊಳ್ಳಿ. ಮನೆ ಪೂರ್ತಿ ಒಟ್ಟಿಗೆ ಎದ್ದು ಇಳಿದರೆ ತೊಂದರೆ ಇಲ್ಲ. ಒಂದು ಮೂಲೆ ಎದ್ದು ಇನ್ನೊಂದು ಮೂಲೆ ಹಾಗೇ ಇದ್ದರೆ ಗೋಡೆ ಸೀಳುತ್ತೆ. ಸಂಗನಕಲ್ಲು ಗುಡ್ಡದ ಬುಡಕ್ಕೆ ಹತ್ತಿರ ಗಟ್ಟಿ ನೆಲ ಸಿಗೋ ಜಾಗಗಳಿವೆ. ಸಿರುಗುಪ್ಪ ರಸ್ತೆಯಲ್ಲಿ ಮುಂದೆ ಹೋದ ಹಾಗೆ ಎರೆ ಜಾಸ್ತಿ. ಆದರೆ ಒಂದೇ ಲೇಔಟ್‌ನಲ್ಲೂ ಈ ತುದಿ ಬೇರೆ ಆ ತುದಿ ಬೇರೆ ಇರುತ್ತೆ, ನೀವು ನೋಡುತ್ತಿರುವ ಸೈಟಿನ ಮಣ್ಣನ್ನೇ ನೋಡಿ.

ಎರೆಯಲ್ಲಿ ಮನೆ ಕಟ್ಟಬಾರದು ಅಂತಲ್ಲ. ನಮ್ಮ ಜಿಲ್ಲೆಯಲ್ಲಿ ಅದು ಬಿಟ್ಟರೆ ಇನ್ನೇನಿದೆ. ಎರೆ ತೆಗೆದು ಗರಸು ತುಂಬಿ ಕುಟ್ಟಿಸಿ, ಆಳಕ್ಕೆ ಫುಟಿಂಗ್ ಹಾಕಿ, ಪ್ಲಿಂತ್ ಬೀಮ್ (ನೆಲಮಟ್ಟದಲ್ಲಿ ಗೋಡೆಗಳ ಕೆಳಗೆ ಹಾಕುವ ಕಾಂಕ್ರೀಟ್ ಪಟ್ಟಿ) ಸುತ್ತ ಕಟ್ಟಿದ್ದರೆ ಮನೆ ನಿಲ್ಲುತ್ತೆ. ಬುಡದಲ್ಲಿ ಗಡ್ಡೆ ಹಾಗೆ ಉಬ್ಬಿರುವ ಅಂಡರ್ ರೀಮ್ಡ್ ಪೈಲ್ ಅಂತ ಇದೆ, ಸುಮಾರು 3.5 ಮೀಟರ್ ಇಳಿಸುತ್ತಾರೆ. ಮಳೆ ಬಿಸಿಲಿಗೆ ಮಣ್ಣು ಕುಣಿಯುವ ಪದರ ದಾಟಿ ಹೋಗಲಿ ಅಂತ. ಆದರೆ ಮಾರಾಟಕ್ಕೆ ಕಟ್ಟುವವರು 30x40 ಮನೆಗೆ ಅದನ್ನು ಹಾಕಿದ್ದು ನಾನು ಕಂಡಿದ್ದು ಕಡಿಮೆ. ಒಂದು ಪ್ರಶ್ನೆ ಕೇಳಿ: "ಬುನಾದಿ ತೋಡಿದಾಗಿನ ಫೋಟೋ ತೋರಿಸಿ." ಸ್ಲ್ಯಾಬ್ ಹಾಕಿದ ದಿನದ ಫೋಟೋ ಎಲ್ಲರ ಫೋನಿನಲ್ಲೂ ಇರುತ್ತೆ. ಬುನಾದಿ ಫೋಟೋ ಇಲ್ಲ ಅಂದರೆ ಅಲ್ಲಿ ತೋರಿಸುವಂಥದ್ದು ಏನೂ ಇರಲಿಲ್ಲ ಅಂತ ಅರ್ಥ.

ಬಿರುಕು ನೋಡುವಾಗ ಕೂದಲೆಳೆಯಂಥದ್ದಕ್ಕೆ ಹೆದರಬೇಡಿ, ಅದು ಪ್ಲಾಸ್ಟರ್ ಒಣಗಿದ್ದು. ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿರುವುದು, ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುವುದು, ಒಂದು ರೂಪಾಯಿ ನಾಣ್ಯದ ಅಂಚು ಒಳಗೆ ಹೋಗುವಂಥದ್ದು, ಇವು ಬುನಾದಿ ಅಲುಗಾಡಿದ್ದರ ಗುರುತು. ಮಾರುವವರು ಪುಟ್ಟಿ ಮೆತ್ತಿರುತ್ತಾರೆ. ಮೊಬೈಲ್ ಟಾರ್ಚನ್ನು ಗೋಡೆಗೆ ಅಡ್ಡಡ್ಡ ಹಿಡಿಯಿರಿ. ಎದುರಿಗೆ ಹಿಡಿದರೆ ಏನೂ ಕಾಣಲ್ಲ, ಅಡ್ಡಕ್ಕೆ ಹಿಡಿದರೆ ಮೆತ್ತಿದ ಜಾಗ ಗಾಯದ ಕಲೆ ಹಾಗೆ ಎದ್ದು ಕಾಣುತ್ತೆ. ಆಮೇಲೆ ಮನೆ ಹಿಂದೆ ಹೋಗಿ ಕಾಂಪೌಂಡ್ ಗೋಡೆಯ ಹಿಂಬದಿ ನೋಡಿ. ಅದಕ್ಕೆ ಯಾರೂ ಪುಟ್ಟಿ ಹಚ್ಚಲ್ಲ. ಬಾಗಿಲುಗಳನ್ನೆಲ್ಲ ಹಾಕಿ ತೆಗೆಯಿರಿ. ಎರಡು ವರ್ಷದ ಮನೆಯಲ್ಲಿ ಬೆಡ್‌ರೂಮ್ ಬಾಗಿಲಿನ ಮೇಲಂಚನ್ನು ಉಜ್ಜುಗೊರಡಿನಲ್ಲಿ ಕೆತ್ತಿದ್ದರೆ ಯಾಕೆ ಕೆತ್ತಿದರು ಅಂತ ಯೋಚನೆ ಮಾಡಿ.

ಮಳೆಗಾಲದಲ್ಲಿ ನೋಡಿದ ಮನೆಯನ್ನು ಬೇಸಿಗೆಯಲ್ಲಿ ಇನ್ನೊಂದು ಸಲ ನೋಡಿ. ಮಳೆಯಲ್ಲಿ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿರುತ್ತೆ.

ಕೌಲ್‌ಬಜಾರ್_ಅಕ್ಕ

ಕೈ ಸುಟ್ಟುಕೊಂಡವರು ಬರೆಯಿರಿ ಅಂದಿರಲ್ಲ ತಮ್ಮಾ, ನಾನಿದ್ದೇನೆ.

ನಾವು 2021ರಲ್ಲಿ ತಗೊಂಡೆವು. ಯಾವ ಲೇಔಟ್ ಅಂತ ಹೇಳಲ್ಲ, ಈಗಲೂ ಅಲ್ಲೇ ಇದ್ದೇವೆ, ಮುಂದೆ ನಾವೂ ಮಾರಬೇಕಲ್ಲ! ನೋಡಿದ್ದು ಭಾನುವಾರ ಬೆಳಿಗ್ಗೆ. ಬ್ರೋಕರ್ ಅಡುಗೆಮನೆ ನಳ ತಿರುಗಿಸಿದ, ನೀರು ಭರ್ರ್ ಅಂತ ಬಂತು. "ನೋಡಿ ಮೇಡಂ, ನೀರಿಗೆ ಬರ ಇಲ್ಲ" ಅಂದ. ನಾವು ಖುಷಿಯಾಗಿ ಬಂದೆವು. ನೀರು ಬಂದಿದ್ದು ಮೇಲಿನ ಟ್ಯಾಂಕಿಯಿಂದ, ಟ್ಯಾಂಕಿ ತುಂಬಿಸಿದ್ದು ಶನಿವಾರ ಸಂಜೆ ಬಂದ ಟ್ಯಾಂಕರು. ಇದು ಗೊತ್ತಾಗಿದ್ದು ಹಾಲು ಉಕ್ಕಿಸಿದ ಹತ್ತನೇ ದಿನಕ್ಕೆ. ಇದರಲ್ಲಿ ನನ್ನ ಹೊಟ್ಟೆ ಉರಿಯೋದು ಯಾಕೆ ಗೊತ್ತಾ? ಮೀಟರ್ ಬೋರ್ಡ್ ಪಕ್ಕದ ಗೋಡೆಯಲ್ಲಿ ಪೆನ್ಸಿಲ್‌ನಲ್ಲಿ ಮೂರು ಫೋನ್ ನಂಬರ್ ಬರೆದಿದ್ದವು. ಮೊದಲನೇ ದಿನವೇ ನೋಡಿದ್ದೆ, ಯಾರೋ ಎಲೆಕ್ಟ್ರಿಷಿಯನ್ ನಂಬರ್ ಇರಬೇಕು ಅಂದುಕೊಂಡೆ. ಮೂರೂ ಟ್ಯಾಂಕರ್‌ನವರದು. ಈಗ ಆ ಮೂವರೂ ನನಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ.

ಸಂಪಿನ ಮುಚ್ಚಳ ತೆಗೆಸಿ ನೋಡಿ. ಬ್ರೋಕರ್ "ಅದು ಭಾರ ಇದೆ ಮೇಡಂ" ಅಂತಾನೆ, ನೀವೇ ಎತ್ತಿ. ಒಳಗಿನ ಗೋಡೆಯಲ್ಲಿ ನೀರು ನಿಂತ ಗೆರೆ ಎಲ್ಲಿಯವರೆಗೆ ಇದೆ ನೋಡಿ. ದಿನವೂ ತುಂಬುವ ಸಂಪಿಗೆ ಮೇಲಿನವರೆಗೆ ಪಾಚಿ ಗೆರೆ ಇರುತ್ತೆ, ನಮ್ಮದರಲ್ಲಿ ತಳದಿಂದ ಒಂದೂವರೆ ಅಡಿಗೆ ಇತ್ತು. ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅಂತ ಬ್ರೋಕರನ್ನಲ್ಲ, ಎದುರುಮನೆಯವರನ್ನು ಕೇಳಿ. ಬಳ್ಳಾರಿಗೆ ಅಲ್ಲೀಪುರ ಕೆರೆ ಇದೆ ಅಂತ ಧೈರ್ಯ ಹೇಳ್ತಾರೆ, ಕೆರೆ ತುಂಬೋದು ತುಂಗಭದ್ರಾ ಕಾಲುವೆ ನೀರಿನಿಂದ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಮತ್ತೆ ಲೇಔಟ್‌ಗೆ ನಗರದ ಪೈಪ್‌ಲೈನ್ ಬಂದಿದೆಯೋ, ಬರುತ್ತದೋ? "ಬರುತ್ತೆ" ಅಂದರೆ ಇಲ್ಲ ಅಂತ ಬರೆದುಕೊಳ್ಳಿ.

ಬೋರ್ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿ ಉಗುಳಿ. ಸವಳು ಇದ್ದರೆ ತಕ್ಷಣ ಗೊತ್ತಾಗುತ್ತೆ. ಹಳೇ ಮನೆ ಆದರೆ ಬಾತ್‌ರೂಮ್ ನಳದ ಬಾಯಿ ನೋಡಿ, ಬಿಳಿ ಗಟ್ಟಿ ಪುಡಿ ಕಟ್ಟಿಕೊಂಡಿರುತ್ತೆ. ನಮ್ಮ ಗೀಸರ್ ಕಾಯಿಲ್ ಎರಡು ಸಲ ಹೋಗಿದೆ.

ಇನ್ನು ಧೂಳು. ಗಿಡದ ಎಲೆ ಸವರಿ ನೋಡಿ. ನಮ್ಮ ತುಳಸಿ ಎಲೆ ಬೆಳಿಗ್ಗೆ ತೊಳೆದರೆ ಸಂಜೆಗೆ ಕಾಡಿಗೆ ಹಚ್ಚಿದ ಹಾಗೆ ಆಗುತ್ತೆ, ಬಿಳಿ ಪರದೆ ಹಾಕೋ ಆಸೆಯನ್ನೇ ಬಿಟ್ಟೆ. ನಾವು ಮನೆ ನೋಡಿದಾಗ ಗಾಳಿ ಕಾರ್ಖಾನೆ ಕಡೆಯಿಂದ ಬೀಸುತ್ತಿರಲಿಲ್ಲ, ಅಷ್ಟೇ.

ಗವಿಮಠದ_ದಾರಿ

ಅಕ್ಕ ಹೇಳಿದ ಧೂಳಿನ ವಿಷಯಕ್ಕೆ ಒಂದು ಸೇರಿಸುತ್ತೇನೆ. ನಾವು ಕೊಪ್ಪಳದವರು, ಗಿಣಿಗೇರಿ ದಾರಿಯಲ್ಲಿ ಒಂದು ಮನೆ ನೋಡಿದ್ದೆವು. ಹಗಲು ಎರಡು ಸಲ ಹೋದಾಗ ಆಕಾಶ ತಿಳಿಯಾಗಿತ್ತು. ಭಾಗ್ಯನಗರದಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುವಾಗ ರಾತ್ರಿ ಹನ್ನೊಂದಕ್ಕೆ ಸುಮ್ನೆ ಆ ಕಡೆ ಗಾಡಿ ತಿರುಗಿಸಿದೆವು. ಕಾರ್ಖಾನೆ ಹೊಗೆ ಕೆಳಗೇ ಇಳಿದು ನಿಂತಿತ್ತು, ಹಿಂದೆ ಕೂತಿದ್ದ ಮಗಳು ಕೆಮ್ಮೋಕೆ ಶುರು ಮಾಡಿದಳು. ಮನೆ ಕೈಬಿಟ್ಟೆವು. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ, ಚಳಿಗಾಲದ್ದು ಪೂರ್ವ, ಈಶಾನ್ಯದಿಂದ. ಕಾರ್ಖಾನೆ ನಿಮ್ಮ ಮನೆಗೆ ಯಾವ ದಿಕ್ಕಿನಲ್ಲಿದೆ ಅಂತ ಮ್ಯಾಪ್‌ನಲ್ಲಿ ಒಂದು ಸಲ ನೋಡಿಕೊಳ್ಳಿ. ನಿಮ್ಮಮ್ಮನ ವಾಸ್ತು ಜೊತೆಗೆ ಈ ದಿಕ್ಕೂ ಸೇರಲಿ!

ಹಳೇ_ಪತ್ರಬರಹಗಾರ

ಎಲ್ಲರೂ ಗೋಡೆ, ನಳ ಅಂತ ಮಾತಾಡುತ್ತಿದ್ದೀರಿ. ಕಾಗದ ಸರಿ ಇಲ್ಲದಿದ್ದರೆ ಆ ಗೋಡೆ ನಿಮ್ಮದೇ ಅಲ್ಲ ಸ್ವಾಮಿ. ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಮೂವತ್ತು ವರ್ಷ ಕೂತು ಬರೆದಿದ್ದೇನೆ, ಅಳುತ್ತಾ ಬಂದವರನ್ನು ನೋಡಿದ್ದೇನೆ.

ಮೊದಲ ಭೇಟಿಯಲ್ಲೇ ಕೇಳಿ: ಲೇಔಟ್ ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಅಪ್ರೂವಲ್ ಆಗಿದೆಯಾ, ಎನ್‌ಎ ಆದೇಶ, ಅಂದರೆ ಹೊಲವನ್ನು ಕೃಷಿಯೇತರ ಮಾಡಿದ ಆದೇಶ ಇದೆಯಾ, ಖಾತೆ ಪಾಲಿಕೆಯದೋ ಪಂಚಾಯಿತಿಯದೋ? ನೀವು ಹೇಳಿದ ಕಡೆಗಳಲ್ಲಿ ರಸ್ತೆಯ ಈಚೆ ಬದಿ ಪಾಲಿಕೆ, ಆಚೆ ಬದಿ ಪಂಚಾಯಿತಿ ಇರೋದು ಉಂಟು. ಪಂಚಾಯಿತಿ ಆದರೆ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. ಅಪ್ರೂವಲ್ ಇಲ್ಲದ ಸ್ವತ್ತಿಗೆ ಕೊಡುವ 11ಬಿ ಮಾತ್ರ ತೋರಿಸಿದರೆ ಬ್ಯಾಂಕಿನವರು ಸಾಲಕ್ಕೆ ಹಿಂದೆ ಮುಂದೆ ನೋಡುತ್ತಾರೆ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲ, "ಆಮೇಲೆ ಮಾಡಿಸಿಕೊಡ್ತೀವಿ" ಅನ್ನುವವರ ಮಾತಿಗೆ ಟೋಕನ್ ಕೊಡಬೇಡಿ.

ಇಸಿ, ಅಂದರೆ ಆಸ್ತಿಯ ಕ್ರಯ, ಸಾಲ ಎಲ್ಲ ತೋರಿಸುವ ಋಣಭಾರ ಪತ್ರ, ಕನಿಷ್ಠ 30 ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟ್‌ನಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು, 2004ಕ್ಕಿಂತ ಹಿಂದಿನದಕ್ಕೆ ಕಚೇರಿಗೆ ಹೋಗಬೇಕು. ಬ್ರೋಕರ್ ಕೊಡುವ ಜೆರಾಕ್ಸ್ ಇಸಿಯನ್ನು ನಂಬಬೇಡಿ, ಸರ್ವೆ ನಂಬರ್ ತಗೊಂಡು ನೀವೇ ಹಾಕಿ.

ಹೊರಗಿನ ಲೇಔಟ್‌ಗಳೆಲ್ಲ ಒಂದು ಕಾಲಕ್ಕೆ ಹೊಲ. ಹಾಗಾಗಿ ಎರಡು ವಿಷಯ. ಒಂದು, ಹೊಲ ಪಿತ್ರಾರ್ಜಿತವೇ? ಆಗಿದ್ದರೆ ಆ ಮನೆಯ ಹೆಣ್ಣುಮಕ್ಕಳ ಸಹಿ ಇದೆಯೇ? 2005ರ ತಿದ್ದುಪಡಿ ಬಂದ ಮೇಲೆ ಮಗಳಿಗೂ ಮಗನಷ್ಟೇ ಪಾಲು. ಅಣ್ಣತಮ್ಮಂದಿರು ಸಹಿ ಹಾಕಿ ಮಾರಿರುತ್ತಾರೆ, ಗಂಗಾವತಿಗೋ ಆದೋನಿಗೋ ಮದುವೆಯಾಗಿ ಹೋದ ತಂಗಿ ಕೇಸ್ ಹಾಕುತ್ತಾಳೆ, ಅವಳದು ತಪ್ಪೂ ಅಲ್ಲ. ಎರಡು, ಆ ಹೊಲ ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ್ದೇ? 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಕೊಂಡರೆ ಕ್ರಯ ನಿಲ್ಲಲ್ಲ. 2023ರ ತಿದ್ದುಪಡಿಯಲ್ಲಿ ಅಂಥ ಅರ್ಜಿಗೆ ಕಾಲಮಿತಿ ಇಲ್ಲ ಅಂತ ಸೇರಿಸಿದ್ದಾರೆ, "ಬಹಳ ವರ್ಷ ಆಯ್ತು" ಅನ್ನೋ ಮಾತು ನಂಬಿ ಕೂರಬೇಡಿ. ಹಳೇ ಪಹಣಿ, ಮ್ಯುಟೇಷನ್ ತೆಗೆಸಿ ವಕೀಲರಿಗೆ ತೋರಿಸಿ.

ಜಿಪಿಎ (ಮಾಲೀಕ ಬೇರೆಯವರಿಗೆ ಬರೆದುಕೊಟ್ಟ ಅಧಿಕಾರ ಪತ್ರ) ಮೇಲೆ ಮಾರುತ್ತೇನೆ ಅಂದವರ ಮನೆಯಲ್ಲಿ ಚಹಾ ಕುಡಿದು ಎದ್ದು ಬನ್ನಿ. ಬರೀ ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಬಜೆಟ್ 55 ಅಂದಿದ್ದೀರಿ. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್, ಸರ್‌ಚಾರ್ಜ್, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಇದ್ದದ್ದು 2 ಪರ್ಸೆಂಟ್ ಆಗಿದೆ. ಒಟ್ಟು ಏಳೂವರೆ ಚಿಲ್ಲರೆ. 55 ಲಕ್ಷಕ್ಕೆ ಹತ್ತಿರ ಹತ್ತಿರ 4.2 ಲಕ್ಷ ಅಲ್ಲೇ ಹೋಯಿತು. ಬ್ರೋಕರ್ ಕಮಿಷನ್ ಬೇರೆ. 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಆದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ 1 ಪರ್ಸೆಂಟ್ ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಕಟ್ಟೋದು ಕೊಳ್ಳುವವರ ಕೆಲಸ, ಇದನ್ನು ಮರೆತು ನೋಟಿಸ್ ಬಂದವರು ಬಹಳ ಜನ.

ಸ್ವಂತ_ಸೈಟು

ಇಷ್ಟೆಲ್ಲ ತಲೆನೋವು ಯಾಕೆ ಬ್ರೋ, ಸೈಟ್ ತಗೊಂಡು ನೀವೇ ಕಟ್ಟಿಸಿ. ಕಟ್ಟಿದ ಮನೆ ಅಂದರೆ ಬೇರೆಯವರು ಬಿಟ್ಟ ಚಪ್ಪಲಿ ಹಾಕಿಕೊಂಡ ಹಾಗೆ.

ಎರೆಮಣ್ಣು_ಇಂಜಿನಿಯರ್

@ಸ್ವಂತ_ಸೈಟು ನಮ್ಮಂಥವರಿಗೆ ಕೆಲಸ ಸಿಗುತ್ತೆ, ಬೇಡ ಅನ್ನಲ್ಲ. ಆದರೆ ಅವರದು ಶಿಫ್ಟ್ ಡ್ಯೂಟಿ, ಮೇಡಂ ಶಾಲೆಗೆ ಹೋಗುತ್ತಾರೆ, ಓನರ್ ಮನೆ ಬಿಡಿ ಅಂತಿದ್ದಾನೆ. ಕ್ಯೂರಿಂಗ್‌ಗೆ (ಹೊಸ ಕಾಂಕ್ರೀಟ್ ಗಟ್ಟಿಯಾಗೋಕೆ) ನೀರು ಹಾಕಿದರೋ ಇಲ್ಲವೋ ಅಂತ ನೋಡೋರು ಯಾರು? ಬಳ್ಳಾರಿ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಹಾಕಿದ ನೀರು ಹತ್ತು ಗಂಟೆಗೆ ಆರಿಹೋಗುತ್ತೆ. ನಿಂತು ನೋಡಿಕೊಳ್ಳೋರು ಇಲ್ಲದೆ ಕಟ್ಟಿಸಿದ ಸ್ವಂತ ಮನೆಯೂ ಬೇರೆಯವರ ಚಪ್ಪಲಿಯೇ.

ರಾಯಚೂರು_ಟು_ಆಕ್ಲೆಂಡ್

ನಾನು ರಾಯಚೂರಿನವಳು, ಈಗ ಇರೋದು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ. ಇಲ್ಲಿ ವಾರಾಂತ್ಯ ಬಂದರೆ ಎಲ್ಲೆಲ್ಲೂ "ಓಪನ್ ಹೋಮ್." ಶನಿವಾರ ಭಾನುವಾರ ಗೇಟಿಗೆ ಬಾವುಟ ನೆಟ್ಟು, ಬಾಗಿಲಲ್ಲಿ ಏಜೆಂಟ್ ನಿಂತು ಹೆಸರು ಫೋನ್ ನಂಬರ್ ಬರೆಸಿಕೊಂಡು ಒಳಗೆ ಬಿಡುತ್ತಾರೆ. ಹೆಚ್ಚು ಕಡಿಮೆ ಅರ್ಧ ಗಂಟೆ. ಬೂಟು ಹೊರಗೆ ಬಿಡಬೇಕು, ಅದೊಂದು ನಮ್ಮೂರಿನ ಹಾಗೆ. ಒಂದೇ ಹೊತ್ತಿಗೆ ಇಪ್ಪತ್ತು ಜನ ಬಚ್ಚಲಲ್ಲಿ ಇಣುಕುತ್ತಿರುತ್ತಾರೆ. ನಾವು ಮೂವತ್ತಕ್ಕೂ ಜಾಸ್ತಿ ಮನೆ ನೋಡಿದ್ದೇವೆ, ನಿಮ್ಮ ಬಾತ್‌ರೂಮ್ ಜಗಳ ಓದಿ ನಗು ಬಂತು, ನಮ್ಮದೂ ಅದೇ ಕತೆ.

ಇಲ್ಲೂ ಮನೆಗೆ ಶೃಂಗಾರ ಮಾಡಿ ತೋರಿಸುತ್ತಾರೆ. ಬಾಡಿಗೆಗೆ ತಂದ ಸೋಫಾ, ಹಣ್ಣಿನ ಬುಟ್ಟಿ, ಒಲೆಯಲ್ಲಿ ಬ್ರೆಡ್ ಬೇಯುವ ವಾಸನೆ. ಇಲ್ಲಿನ ಭಯ ಮಳೆ. 1990ರ ದಶಕದಲ್ಲಿ ಮತ್ತು 2000ದ ಶುರುವಿನಲ್ಲಿ ಕಟ್ಟಿದ ಬಹಳ ಮನೆಗಳ ಹೊರಗೋಡೆ ಒಳಗೆ ನೀರು ಕುಡಿದು ಮರದ ಚೌಕಟ್ಟೇ ಕೊಳೆತುಹೋಯಿತು, ಲೀಕಿ ಹೋಮ್ ಅಂತಲೇ ಹೆಸರು ಬಿದ್ದಿದೆ. ಹಾಗಾಗಿ ಇಲ್ಲಿನವರು ಬೀರುವಿನ ಬಾಗಿಲು ತೆಗೆದು ಮೂಗು ಒಳಗೆ ಹಾಕುತ್ತಾರೆ, ಮುಗ್ಗಲು ವಾಸನೆ ಇದೆಯಾ ಅಂತ. ಮೊದಲನೇ ಸಲ ನೋಡಿ ನನಗೆ ಅಸಹ್ಯ ಅನಿಸಿತು, ಐದನೇ ಮನೆಗೆ ನಾನೂ ಹಾಕಿದೆ.

ಒಂದು ವ್ಯತ್ಯಾಸ ಇದೆ. ಇಲ್ಲಿ ಓಪನ್ ಹೋಮ್ ಅಂದರೆ ಬರೀ ಪರಿಚಯ. ಮನಸ್ಸಿಗೆ ಬಂದರೆ ಕೌನ್ಸಿಲ್‌ನಿಂದ ಲಿಮ್ ಅನ್ನೋ ವರದಿ ತರಿಸುತ್ತೇವೆ, ಆ ಜಾಗದಲ್ಲಿ ನೆರೆ ಬರುತ್ತಾ, ಕಟ್ಟಿದ್ದಕ್ಕೆ ಪರವಾನಗಿ ಇದೆಯಾ ಅಂತ ಅದರಲ್ಲಿ ಇರುತ್ತೆ. ಆಮೇಲೆ ದುಡ್ಡು ಕೊಟ್ಟು ಕಟ್ಟಡ ಪರೀಕ್ಷೆ ಮಾಡುವವನನ್ನು ಕರೆಸುತ್ತೇವೆ. ಅವನು ಛಾವಣಿ ಒಳಗೆ ಹತ್ತಿ, ನೆಲದ ಕೆಳಗೆ ತೂರಿ, ಗೋಡೆಗೆ ತೇವದ ಮೀಟರ್ ಹಿಡಿದು ಫೋಟೋ ಸಮೇತ ಬರೆದುಕೊಡುತ್ತಾನೆ. ನಮ್ಮೂರಲ್ಲಿ 55 ಲಕ್ಷ ಕೊಡುವವರು ಒಬ್ಬ ಇಂಜಿನಿಯರ್‌ಗೆ ಐದು ಸಾವಿರ ಕೊಟ್ಟು "ಒಂದು ಸಲ ಬಂದು ನೋಡಿ ಸರ್" ಅನ್ನೋಕೆ ಹಿಂದೆಮುಂದೆ ನೋಡ್ತಾರೆ. ನಮ್ಮಪ್ಪನೂ ಹಾಗೇ. ನಮ್ಮ ಮನೆ ಬಾವಿಗೆ ಕಾಯಿ ಹಿಡಿದು ನೀರು ಹುಡುಕುವವನಿಗೆ ಮಾತ್ರ ಕೇಳಿದಷ್ಟು ಕೊಟ್ಟಿದ್ದರು.

ಫೋಟೋ ಗೊಂದಲಕ್ಕೆ ನಾವು ಮಾಡಿದ್ದು: ಪ್ರತಿ ಮನೆಗೆ ಮೊದಲ ಫೋಟೋ ಗೇಟಿನ ಮನೆ ನಂಬರ್. ಹೊರಗೆ ಬಂದು ಕಾರಿನಲ್ಲಿ ಕೂತ ತಕ್ಷಣ ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಹತ್ತಕ್ಕೆ ಎಷ್ಟು ಅಂತ ಬರೆದು, ಒಂದು ಇಷ್ಟ ಆಗದ್ದು ಬರೆಯೋದು. ಆಮೇಲೆ ಹೋಲಿಸಿ ನೋಡೋದು. ಗಂಡ 9 ಕೊಟ್ಟ ಮನೆಗೆ ನಾನು 3 ಕೊಟ್ಟಿದ್ದೆ. ಅವನು ಗ್ಯಾರೇಜ್ ಬಿಟ್ಟು ಬೇರೇನೂ ನೋಡಿರಲಿಲ್ಲ.

ಬಿಸಿಲು_ನಾಡು_99

ಯಾರೂ ಬಿಸಿಲಿನ ಬಗ್ಗೆ ಹೇಳಲಿಲ್ಲವಲ್ಲ. ಬೆಳಿಗ್ಗೆ ಹತ್ತೂವರೆಗೆ ನೋಡಿದರೆ ಎಲ್ಲಾ ಮನೆಯೂ ತಂಪೇ. ಸಂಜೆ ನಾಲ್ಕಕ್ಕೆ ಹೋಗಿ ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಇಡಿ. ನಮ್ಮ ಬೆಡ್‌ರೂಮ್ ಪಶ್ಚಿಮಕ್ಕೆ, ಮೇಲೆ ಬರೀ ಸ್ಲ್ಯಾಬು, ಮೇ ತಿಂಗಳಲ್ಲಿ ರಾತ್ರಿ ಒಂದು ಗಂಟೆಗೂ ಗೋಡೆ ಕಾವಲಿ ಹಾಗೆ ಇರುತ್ತೆ. ಹಾಲ್‌ನಲ್ಲಿ ಚಾಪೆ ಹಾಕಿ ಮಲಗುತ್ತೇವೆ. ಮಾಸ್ಟರ್ ಬೆಡ್‌ರೂಮ್ ಅಂತ ಹೆಸರು, ಅಲ್ಲಿ ಮಲಗೋದು ಬಟ್ಟೆ ಬೀರು ಒಂದೇ.

ಒಗ್ಗಾಣಿ_ಮಿರ್ಚಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಎರಡು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ನೈಟ್ ಶಿಫ್ಟ್ ಮುಗಿಸಿ ಬಂದ ದಿನ ಮಲಗದೆ, ಬುಧವಾರ ನಾಲ್ಕು ಗಂಟೆಗೆ ಬ್ರೋಕರ್ ಇಲ್ಲದೆ ನಾವಿಬ್ಬರೇ ಹೋದೆವು. ನಮ್ಮ ಪಟ್ಟಿಯಲ್ಲಿ ಮೇಲೆ ಇದ್ದದ್ದು ನಾಲ್ಕನೇ ಮನೆ ಮತ್ತು ಆರನೇ ಮನೆ. ನಾಲ್ಕನೇದಕ್ಕೆ ಬೀಗ ಇತ್ತು, ಹೊರಗಿನಿಂದ ಕಾಂಪೌಂಡ್ ಹಿಂಬದಿಗೆ ಹೋದೆ. ಇಂಜಿನಿಯರ್ ಸರ್, ನೀವು ಹೇಳಿದ್ದು ಹಾಗೇ ಇತ್ತು. ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು, ನಾಣ್ಯ ಬಿಡಿ, ನನ್ನ ಬೈಕ್ ಕೀ ಅರ್ಧ ಒಳಗೆ ಹೋಯಿತು. ಆ ಮನೆಯ ಟಿವಿ ಗೋಡೆ ನೋಡಿಯೇ ನಾನು ಮರುಳಾಗಿದ್ದು.

ಆರನೇ ಮನೆ ಹತ್ತಿರ ಎದುರುಮನೆ ಅಜ್ಜಿ ಕಟ್ಟೆ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಮನೆಯವಳು ಪಕ್ಕದಲ್ಲಿ ಕೂತು ತಾನೂ ಬಿಡಿಸೋಕೆ ಶುರು ಮಾಡಿದಳು. ಅರ್ಧ ಗಂಟೆಯಲ್ಲಿ ಬ್ರೋಕರ್ ಒಂದು ತಿಂಗಳಲ್ಲಿ ಹೇಳದ್ದೆಲ್ಲ ಹೊರಗೆ ಬಂತು. ಮಳೆ ಜೋರಾದರೆ ನೀರು ಬೀದಿ ತುದಿಯಲ್ಲಿ ನಿಲ್ಲುತ್ತೆ, ಈ ಮನೆವರೆಗೆ ಬರಲ್ಲ. ನಗರದ ನೀರಿನ ಪೈಪು ಇದೆ, ಬಿಡೋದು ವಾರಕ್ಕೊಂದು ಸಲ, ಕೆಲವು ಸಲ ಅದೂ ಇಲ್ಲ. ಮಾರುತ್ತಿರುವವರು ಹುಬ್ಬಳ್ಳಿಗೆ ವರ್ಗ ಆಗಿ ಹೋಗುತ್ತಿದ್ದಾರೆ, ಸಾಲದ ತೊಂದರೆ ಏನಿಲ್ಲ. ಮತ್ತೆ ಬ್ರೋಕರ್ ನಮಗೆ ಹೇಳಿದ ರೇಟಿಗೂ ಅವರು ಕೇಳುತ್ತಿರುವ ರೇಟಿಗೂ ಎರಡೂವರೆ ಲಕ್ಷ ವ್ಯತ್ಯಾಸ ಇದೆ! ಅಜ್ಜಿ ಕೊನೆಗೆ "ನಿಮಗೆ ಎಷ್ಟು ಮಕ್ಕಳು" ಅಂತ ಕೇಳಿದರು, ನಮ್ಮದೂ ವಿಚಾರಣೆ ಆಯಿತು.

ಕೌಲ್‌ಬಜಾರ್ ಅಕ್ಕಾ, ಮೀಟರ್ ಬೋರ್ಡ್ ಪಕ್ಕ ನೋಡಿದೆ. ಒಂದು ನಂಬರ್ ಇತ್ತು. ಫೋನ್ ಮಾಡಿದರೆ ಟ್ಯಾಂಕರ್ ಅಲ್ಲ, ಹಾಲಿನವನು.

ಪಾಲಿಕೆ ಖಾತೆ ಇದೆ, ಇ-ಖಾತೆ ಪ್ರತಿ ತೋರಿಸಿದ್ದಾರೆ. ಇಸಿಗೆ ನಾನೇ ಕಾವೇರಿಯಲ್ಲಿ ಅರ್ಜಿ ಹಾಕಿದ್ದೇನೆ, ಹಳೆಯದಕ್ಕೆ ವಕೀಲರು ಕಚೇರಿಗೆ ಹೋಗುತ್ತಾರೆ. ಹೊಲ ಯಾರದ್ದು ಅಂತ ಮೂಲ ಪಹಣಿ ಇನ್ನೂ ಕೈಗೆ ಬಂದಿಲ್ಲ, ಅದು ಬರುವವರೆಗೆ ಟೋಕನ್ ಇಲ್ಲ ಅಂತ ಹೇಳಿಬಿಟ್ಟೆ. ಬ್ರೋಕರ್ ಸಿಟ್ಟಾಗಿ ಮೂರು ದಿನ ಫೋನ್ ಎತ್ತಲಿಲ್ಲ, ನಾಲ್ಕನೇ ದಿನ ತಾನೇ ಮಾಡಿದ. ಪರಿಚಯದ ಸಿವಿಲ್ ಇಂಜಿನಿಯರ್ ಒಬ್ಬರು ಮುಂದಿನ ವಾರ ಬಂದು ನೋಡುತ್ತಾರೆ. ಐದು ಸಾವಿರ ಕೇಳಿಲ್ಲ, ಊಟ ಹಾಕಿಸಿ ಅಂದಿದ್ದಾರೆ.

ಅಮ್ಮನಿಗೆ ಬಾಗಿಲು ಪೂರ್ವಕ್ಕೆ ಇದೆ ಅಂತ ಸಂತೋಷ. ಅಡುಗೆಮನೆ ಯಾವ ಮೂಲೆಯಲ್ಲಿದೆ ಅಂತ ಇನ್ನೂ ಹೇಳಿಲ್ಲ.

ಈ ಭಾನುವಾರ ಎಲ್ಲೂ ಹೋಗುತ್ತಿಲ್ಲ. ಅಜ್ಜಿ ಪ್ರಕಾರ ಆ ಬೀದಿಗೆ ನೀರು ಬಿಡೋದು ಗುರುವಾರ ಬೆಳಿಗ್ಗೆ ಐದಕ್ಕೆ. ಅವತ್ತಿಗೆ ರಜೆ ಹಾಕಿದ್ದೇನೆ. ಸಂಪಿನ ಮುಚ್ಚಳ ತೆಗೆಸೋಕೆ ಓನರ್ ಒಪ್ಪಿದ್ದಾರೆ.